ಪರಮೇಶ ಡೀಸೆಲ್ ವರ್ಕ್ಸ್

ಮಕ್ತಲ್‌ನಿಂದ ರಾಯಚೂರಿನ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಅನ್ನುವಲ್ಲಿ ಒಂದು ತಗಡಿನ ಶೆಡ್ಡಿದೆ. ಅದರ ಮಿಸ್ತ್ರಿ ಹಂಪಣ್ಣ. ಲಾರಿ ಎಂಜಿನ್ನು ಬಿಚ್ಚಿ ಕಟ್ಟುವುದರಲ್ಲಿ ಕೃಷ್ಣಾ ಹೊಳೆಯ ಈ ದಂಡೆಗೆಲ್ಲ ಅವನ ಹೆಸರೇ ಹೆಸರು. ಮಾತು ಒರಟು, ಕೈ ನಯ. ಮನುಷ್ಯರ ಮಾತನ್ನು ಪೂರ್ತಿ ಕೇಳುವ ಅಭ್ಯಾಸ ಅವನಿಗಿರಲಿಲ್ಲ; ಎಂಜಿನ್ನಿನ ಮಾತನ್ನು ಮಾತ್ರ ಕಣ್ಣು ಮುಚ್ಚಿಕೊಂಡು ಕೊನೆಯವರೆಗೆ ಕೇಳುತ್ತಿದ್ದ.

ಅವನ ಶೆಡ್ಡಿಗೆ ಹೆಚ್ಚಾಗಿ ಬರುತ್ತಿದ್ದವು ಒಂದೇ ವಂಶದ ಮೂರು ಎಂಜಿನ್ನುಗಳು. ಮೈಮೇಲಿನ ಪಟ್ಟಿಯಲ್ಲಿ ಮೂರಕ್ಕೂ ಒಂದೇ ಅಂಕಿ, ಅಂಕಿಯ ಬಾಲದಲ್ಲಿ ಮಾತ್ರ ಒಂದೆರಡು ಇಂಗ್ಲಿಷ್ ಅಕ್ಷರಗಳ ವ್ಯತ್ಯಾಸ. ಡ್ರೈವರುಗಳು ಆ ಅಕ್ಷರಗಳ ಗೋಜಿಗೆ ಹೋಗದೆ ಸಾದಾ, ಟರ್ಬೊ, ಕೂಲರ್ ಅಂತ ಕರೆಯುತ್ತಿದ್ದರು. ಹಂಪಣ್ಣನಿಗೆ ಅವು ದೊಡ್ಡವ, ನಡುವಿನವ, ಸಣ್ಣವ. ಮೂರಕ್ಕೂ ಆರಾರು ಸಿಲಿಂಡರು, ಒಂದೇ ಉದ್ದ, ಒಂದೇ ಎತ್ತರ. ಒಂದರ ಬೋಲ್ಟು ಇನ್ನೊಂದರ ತೂತಿಗೆ ಸಲೀಸಾಗಿ ಕೂರುತ್ತದೆ. ಮೋಸ ಇರುವುದೇ ಅಲ್ಲಿ. "ಕುಂತೈತಿ ಅಂದಮಾತ್ರಕ್ಕ ಒಂದೇ ಆಗಂಗಿಲ್ಲ," ಅನ್ನುತ್ತಿದ್ದ ಅವನು. "ಒಂದೇ ಕೈಯಾಗಿನ ಐದು ಬೆರಳು ಸಮ ಇರ್ತಾವೇನು?"

ಹಂಪಣ್ಣನಿಗೂ ಅವನ ಹೆಂಡತಿ ಚನ್ನವೀರಮ್ಮನಿಗೂ ಇಬ್ಬರು ಗಂಡುಮಕ್ಕಳು. ದೊಡ್ಡವ ಪರಮೇಶ ಅಪ್ಪನದೇ ಅಚ್ಚು. ಶೆಡ್ಡಿಗೆ ಅವನ ಹೆಸರನ್ನೇ ಇಟ್ಟಿದ್ದರು. ಎಂಜಿನ್ನನ್ನು ಚೈನ್ ರಾಟೆಗೆ ಕಟ್ಟಿ ಲಾರಿಯ ಹೊಟ್ಟೆಯೊಳಗೆ ಇಳಿಸುವಾಗ ಅಪ್ಪ ಮೇಲೆ ಸರಪಳಿ ಹಿಡಿಯುತ್ತಿದ್ದ, ಮಗ ಕೆಳಗೆ ಕೂತು ದಾರಿ ಮಾಡಿಕೊಡುತ್ತಿದ್ದ. ನಡುವೆ ಎಂಜಿನ್ನು ಅಡ್ಡ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಎಲ್ಲ ಸರಿಯಾಯಿತು ಅಂದರೆ ಪರಮೇಶ ಕೈ ಹಿಂದಕ್ಕೆಳೆದುಕೊಂಡು ನಟ್ಟು ಬಿಗಿಯುವ ಪಾನಾದಿಂದ ಲಾರಿಯ ಚಾಸಿಗೆ ಎರಡು ಸಲ ತಟ್ಟುತ್ತಿದ್ದ. ಅಪ್ಪ ಇಳಿಸುತ್ತಿದ್ದ. ಬಾಯಿಬಿಟ್ಟು ಹೇಳುವ ಅಗತ್ಯ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ.

ಸಣ್ಣವ ಕಾಂತೇಶನ ಅಚ್ಚೇ ಬೇರೆ. ಡೀಸೆಲ್ ವಾಸನೆಗೆ ಅವನ ತಲೆ ಹಿಡಿಯುತ್ತಿತ್ತು. ಗದ್ವಾಲಿನಲ್ಲಿ ಗಂಗಾಂಬಿಕಾ ಅನ್ನುವವರ ಮಗ್ಗದ ಮನೆಯಲ್ಲಿ ಸೀರೆಯ ಅಂಚಿಗೆ ಚಿತ್ರ ಬರೆಯುತ್ತಿದ್ದ. ಚೌಕಳಿ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುತ್ತ ಗೋಪುರ, ಹಂಸ, ಮಾವಿನಕಾಯಿ ಎಬ್ಬಿಸುವ ಕೆಲಸ. ಹಬ್ಬಕ್ಕೆ ಮನೆಗೆ ಬಂದರೂ ಅವ್ವನ ಪಕ್ಕದಲ್ಲಿ ಹಾಳೆ ಹಾಸಿಕೊಂಡು ಕೂರುತ್ತಿದ್ದ. "ಸೆರಗು ಹಿಡಿಯೋದು ಇನ್ನೂ ಬಿಟ್ಟಿಲ್ಲ ಇಂವ," ಅಂತ ಅಪ್ಪ ನಗುತ್ತಿದ್ದ. ಆದರೂ ಅವನು ಬರೆದ ಅಂಚಿನ ಒಂದು ಸೀರೆಯನ್ನು ಚನ್ನವೀರಮ್ಮ ಉಟ್ಟು ಬಂದ ದಿನ, ಗ್ರೀಸು ಹತ್ತಿದ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಬಗ್ಗಿ ನೋಡಿದ್ದ.

ತೆಲಂಗಾಣ ಬರುವ ಹಿಂದಿನ ವರ್ಷ, ಮಳೆಗಾಲದಲ್ಲಿ ಪರಮೇಶನಿಗೆ ಕಾಮಾಲೆಯಾಯಿತು. ಮೊದಲು ನಾಟಿ ಔಷಧ, ಆಮೇಲೆ ರಾಯಚೂರಿನ ದವಾಖಾನೆ, ಆಮೇಲೆ ಮಣ್ಣು. ಕಾರ್ಯಕ್ಕೆ ಬಂದ ಹಿರಿಯರು, ಅಣ್ಣನ ಜಾಗದಲ್ಲಿ ತಮ್ಮ ಕೂರಬೇಕು, ಅದೇ ಪದ್ಧತಿ ಅಂದರು. ಹೇಳಿ ಉಂಡು ಎದ್ದು ಹೋದರು. ಕಾಂತೇಶ ಗದ್ವಾಲಿಗೆ ತಿರುಗಿ ಹೋಗಲಿಲ್ಲ. ಅಣ್ಣನ ಖಾಕಿ ಅಂಗಿ ಹಾಕಿಕೊಂಡು ಶೆಡ್ಡಿಗೆ ಬಂದ. ಅಂಗಿ ಹೆಗಲಿನಲ್ಲಿ ಜೋತು ಬೀಳುತ್ತಿತ್ತು.

ದೂರದ ಲಾರಿಯವರಿಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ. ಬೋರ್ಡಿನ ಹೆಸರು ನೋಡಿ, ಖಾಕಿ ಅಂಗಿ ನೋಡಿ, "ಏನ್ ಪರಮೇಶಪ್ಪ, ಸೊರಗೀರಲ್ಲ" ಅನ್ನುತ್ತಿದ್ದರು. ಹಂಪಣ್ಣ ತಿದ್ದಲಿಲ್ಲ. ಒಂದು ದಿನ ಅವನ ಬಾಯಿಂದಲೇ "ಪರಮೇಶಾ, ಆ ಪಾನಾ ಕೊಡು" ಅಂತ ಬಂದುಬಿಟ್ಟಿತು. ಕಾಂತೇಶ ಕೈಲಿದ್ದ ಕೆಲಸ ಬಿಟ್ಟು ಎದ್ದ. ಪಾನಾ ತಂದು ಕೊಟ್ಟ. ಎಷ್ಟೋ ತಿಂಗಳಿಂದ ಹಂಪಣ್ಣನ ಎದೆಯ ಮೇಲೆ ಕೂತಿದ್ದ ಕಲ್ಲು ಆ ಹೊತ್ತು ಸ್ವಲ್ಪ ಸರಿಯಿತು. ಆ ಹೆಸರಿಗೆ ಓ ಅನ್ನುವವನೊಬ್ಬ ಇದ್ದಾನೆ ಅಂದರೆ ಮಗ ಪೂರ್ತಿ ಹೋಗಿಲ್ಲ ಅನ್ನಿಸಿತು. ದುಃಖದಲ್ಲಿದ್ದವನಿಗೆ ಅಷ್ಟು ಸಾಕು. ಅವತ್ತಿನಿಂದ ಹಾಗೇ ಕರೆದ.

ಚನ್ನವೀರಮ್ಮ ಮಾತ್ರ ಒಪ್ಪಲಿಲ್ಲ. "ಸತ್ತವನ ಹೆಸರು ಇದ್ದವನ ಮ್ಯಾಲ ಹೊರಸಬ್ಯಾಡ್ರಿ," ಅಂದಳು. "ಇಂವಗೂ ನಾನೇ ಹೆಸರಿಟ್ಟೀನಿ. ಅದು ಎಲ್ಲಿ ಹೋಗಬೇಕು?" ಹಂಪಣ್ಣ ಕೈ ತೊಳೆದುಕೊಂಡು ಊಟಕ್ಕೆ ಕೂತ.

ಜೂನಿನಲ್ಲಿ ಹೊಸ ರಾಜ್ಯವಾಯಿತು. ಗುಲಾಬಿ ಬಾವುಟ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ಓಡಾಡಿದವು. ಬೋರ್ಡಿನ ಕೆಳಗೆ ವಿಳಾಸದಲ್ಲಿದ್ದ ಆಂಧ್ರವನ್ನು ಅಳಿಸಿ ತೆಲಂಗಾಣ ಬರೆಯಲು ಪೇಂಟರು ಏಣಿ ಹಾಕಿದ. ಮೇಲಿನಿಂದಲೇ ಕೇಳಿದ: "ಮಿಸ್ತ್ರಿ, ಹಂಗೇ ಈ ಹೆಸರೂ ಬದಲಿ ಮಾಡಲೇನ್ರಿ? ಕಾಂತೇಶ ಅಂತ ಬರೀಲೇನ್ರಿ?"

ಕಾಂತೇಶ ಕೆಳಗೆ ಏಣಿ ಹಿಡಿದು ನಿಂತಿದ್ದ. ಅಪ್ಪನ ಕಡೆ ನೋಡಿದ.

"ಅದನ್ನ ಮುಟ್ಟಬ್ಯಾಡ," ಅಂದ ಹಂಪಣ್ಣ. "ಬಣ್ಣ ಮಾಸೈತಿ, ಅದರ ಮ್ಯಾಲೆ ಅದನ್ನೇ ತಿದ್ದು."

ಅದೇ ವಾರ ಮರಿಕಲ್‌ನ ಲಾರಿ ಮಾಲೀಕ ಚಂದ್ರಯ್ಯ ಬಂದ. ಅವನ ಟರ್ಬೊ ಎಂಜಿನ್ನಿನ ಬ್ಲಾಕು, ಸಿಲಿಂಡರುಗಳಿರುವ ಎರಕದ ಒಡಲು, ಸೀಳು ಬಿಟ್ಟಿತ್ತು. ಗುಜರಿಯಲ್ಲಿ ಒಂದು ಸಾದಾ ಬ್ಲಾಕು ಸಿಕ್ಕಿದೆ, ಅದೇ ವಂಶದ್ದು, ಅದನ್ನೇ ಕೂರಿಸಿ ಮೇಲೆ ಟರ್ಬೊ ಕಟ್ಟಿಕೊಡು ಅಂತ ಅವನ ವರಾತ.

"ಕುಂದರ್ತೈತಿ, ನಾ ಇಲ್ಲ ಅನ್ನಂಗಿಲ್ಲ," ಅಂದ ಹಂಪಣ್ಣ. "ಚಾಲೂನೂ ಆಗತೈತಿ. ಆದರ ಟರ್ಬೊ ಗಾಳಿ ಒತ್ತಿ ತುಂಬತೈತಿ, ಬೆಂಕಿ ಜಾಸ್ತಿ. ಆ ಬಿಸಿ ತಡಿಲಿ ಅಂತ ಟರ್ಬೊ ಬ್ಲಾಕಿನಾಗ ಪಿಸ್ಟನ್ ಬುಡಕ್ಕ ಎಣ್ಣಿ ಚಿಮ್ಮೋ ಸಣ್ಣ ನಳಿಗಿ ಇಟ್ಟಿರ್ತಾರ. ಸಾದಾಕ್ಕ ಅವು ಇಲ್ಲ. ಅದು ಹುಟ್ಟಿದ್ದೇ ಬ್ಯಾರೆ ಕೆಲಸಕ್ಕ. ತುಂಬಿದ ಲೋಡ್ ಹಾಕ್ಕೊಂಡು ಹೋಗ್ರಿ, ಉಂಡವಳ್ಳಿ ದಾಟೋದರಾಗ ಪಿಸ್ಟನ್ ಕರಗತೈತಿ. ತಪ್ಪು ಬ್ಲಾಕಿಂದಲ್ಲ, ಕಟ್ಟಿದವಂದು."

ಇಷ್ಟು ಬಲ್ಲ ಮನುಷ್ಯ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅನ್ನುತ್ತಾರಲ್ಲ, ಹಾಗೆ. ಅವನ ಬೆನ್ನ ಹಿಂದೆಯೇ ಕಾಂತೇಶ ಅಣ್ಣನ ಅಂಗಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಚಂದ್ರಯ್ಯ ಬೇರೆ ಬ್ಲಾಕು ತರಲು ಒಪ್ಪಿ ಹೋದ ಮೇಲೆ ಮೆಲ್ಲಗೆ ಅಂದ:

"ಅಪ್ಪಾ, ಗಂಗಾಂಬಿಕಾ ಅಕ್ಕಾರು ಹೇಳಿ ಕಳಿಸ್ಯಾರ. ಹೊಸ ಅಂಚು ಬರಿಯಾಕ ಮಂದಿ ಇಲ್ಲಂತ. ನಾ ಹೋಗಲೇನು?"

"ಚಂದ್ರಯ್ಯಂದು ಒಂದು ಮುಗೀಲಿ," ಅಂದ ಹಂಪಣ್ಣ. "ಆಮ್ಯಾಲ ನೋಡೋಣು, ಪರಮೇಶಾ."

ಸರಿಯಾದ ಟರ್ಬೊ ಬ್ಲಾಕು ಬಂತು. ಎಂಜಿನ್ನು ಕಟ್ಟಿದರು. ಇಳಿಸುವ ದಿನ ಹಂಪಣ್ಣ ಸರಪಳಿ ಹಿಡಿದ, ಕಾಂತೇಶ ಕೆಳಗೆ ಕೂತ. ಎಂಜಿನ್ನು ಕೂರುವ ಜಾಗದಲ್ಲಿ ಹಳೆಯ ಕೆಸರು ಗಟ್ಟಿಯಾಗಿ ಅಂಟಿತ್ತು. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವ ಹುಡುಗ. ಎಡಗೈಯಲ್ಲಿದ್ದ ಪಾನಾದಿಂದ ಅದನ್ನು ಎರಡು ಸಲ ಕುಟ್ಟಿ, ಉದುರಿದ ಮಣ್ಣು ಒರೆಸಲು ಬಲಗೈ ಒಳಗೆ ಹಾಕಿದ. ಮೇಲೆ ಹಂಪಣ್ಣನಿಗೆ ಕೇಳಿಸಿದ್ದು ಪರಮೇಶನ ತಟ್ಟು. ಇಷ್ಟು ವರ್ಷ ಎರಡು ತಟ್ಟು ಕೇಳಿದಾಗಲೆಲ್ಲ ಅವನ ಕೈ ಮಾಡಿದ್ದನ್ನೇ ಆಗಲೂ ಮಾಡಿತು. ಸರಪಳಿ ಬಿಟ್ಟು ಎಂಜಿನ್ನು ಇಳಿಸಿದ.

ಆ ಸಂಜ್ಞೆಯನ್ನು ಅವನು ಕಾಂತೇಶನಿಗೆ ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ. ಪರಮೇಶನಿಗೆ ಯಾರು ಹೇಳಿಕೊಡಬೇಕು?

ರಾಯಚೂರಿನ ದವಾಖಾನೆಯಲ್ಲಿ ಬಲಗೈಯ ಹೆಬ್ಬೆರಳು, ಕಿರುಬೆರಳು ಉಳಿದವು. ನಡುವಿನ ಮೂರು ಉಳಿಯಲಿಲ್ಲ. ಹಂಪಣ್ಣ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತು, "ನಾ ಮಾಡಿದೆ, ನಾನೇ ಮಾಡಿದೆ" ಅಂತ ಅತ್ತ. ಕಾಂತೇಶ ಎಡಗೈಯನ್ನು ಅಪ್ಪನ ತಲೆಯ ಮೇಲಿಟ್ಟು, "ಇರಲಿ ಬಿಡಪ್ಪ, ಬೇಕಂತ ಮಾಡೀಯೇನು" ಅಂದ. ಬೈದಿದ್ದರೆ ಮುದುಕ ಬದುಕಿಕೊಳ್ಳುತ್ತಿದ್ದ. ಐದು ಬೆರಳಿನ ಗಾದೆಯನ್ನು ಅವನು ಮತ್ತೆ ಆಡಲಿಲ್ಲ.

ಬೇರೆ ದಾರಿ ಕಾಣದೆ ಕಾಂತೇಶ ಶೆಡ್ಡಿನಲ್ಲೇ ಉಳಿದ. ಬಿಡಿಭಾಗ ತರುವುದು, ಗಿರಾಕಿಗಳನ್ನು ಮಾತಾಡಿಸುವುದು. ರಸ್ತೆಯವರಿಗೆಲ್ಲ ಅವನು ಪರಮೇಶನೇ. ಕಾಂತೇಶ ಅಂತ ಕರೆಯಬೇಕು ಅಂತ ಹಂಪಣ್ಣ ಎಷ್ಟೋ ಸಲ ಬಾಯಿ ತೆರೆದ. ಯಾವ ಮಗನ ಕೈ ಮುರಿದಿದ್ದನೋ ಅವನ ಹೆಸರು ಹಿಡಿದು ಕರೆಯಲು ಅವನಿಗೆ ಮುಖವಿರಲಿಲ್ಲ. ಬಾಯಿಗೆ ರೂಢಿಯಾದದ್ದೇ ಬಂತು. ಕಾಂತೇಶ ಅಂತ ಕೊನೆಯವರೆಗೆ ಕರೆದವಳು ಚನ್ನವೀರಮ್ಮ ಒಬ್ಬಳೇ. ಮೂರು ನಾಲ್ಕು ವರ್ಷಕ್ಕೆ ಅವಳೂ ತೀರಿಕೊಂಡಳು.

ನಾರಾಯಣಪೇಟೆ ಜಿಲ್ಲೆಯಾದ ವರ್ಷ, ಒಂದು ಮಧ್ಯಾಹ್ನ, ಗದ್ವಾಲಿನಿಂದ ಬಂದ ಕಾರೊಂದು ಶೆಡ್ಡಿನ ಮುಂದೆ ನಿಂತಿತು. ಇಳಿದವರು ಗಂಗಾಂಬಿಕಾ. ನಾರಾಯಣಪೇಟೆಯಲ್ಲೂ ಮಗ್ಗ ಹಾಕುತ್ತಿದ್ದರಂತೆ, ಅಲ್ಲಿಗೇ ಹೊರಟಿದ್ದರು.

"ಕೈಯಿಂದು ಗೊತ್ತೈತ್ರಿ, ಅಣ್ಣಾರ," ಅಂದರು ಅವರು ಹಂಪಣ್ಣನಿಗೆ. "ಬರಿಯೋದು ಬ್ಯಾಡ. ಕಣ್ಣು ಅದಾವಲ್ಲ. ಹೊಸಬರು ಬರೆದದ್ದು ನೋಡಿ ತಿದ್ದಿಕೊಟ್ಟರ ಸಾಕು. ಕಾಂತೇಶನ್ನ ನನ್ನ ಸಂಗಾಟ ಕಳಿಸ್ರಿ."

ಈ ಸಲ ಹಂಪಣ್ಣ ಚಂದ್ರಯ್ಯನ ಹೆಸರು ಹೇಳಲಿಲ್ಲ, ಯಾವ ನೆವವನ್ನೂ ಹೇಳಲಿಲ್ಲ. ಹೋಗಲಿ, ಇಷ್ಟಾದರೂ ಅವನದು ಅವನಿಗೆ ಸಿಗಲಿ ಅನ್ನಿಸಿತು. ಶೆಡ್ಡಿನ ಒಳಗೆ ಮಗ ಬೆನ್ನು ಮಾಡಿ ಕೂತು ಫಿಲ್ಟರುಗಳನ್ನು ಜೋಡಿಸುತ್ತಿದ್ದ. ಯಾವ ಎಂಜಿನ್ನೂ ಓಡುತ್ತಿರಲಿಲ್ಲ.

"ಕಾಂತೇಶಾ," ಅಂತ ಕರೆದ ಹಂಪಣ್ಣ.

ಮಗ ತಿರುಗಲಿಲ್ಲ.

"ಕಾಂತೇಶಾ," ಇನ್ನಷ್ಟು ಗಟ್ಟಿಯಾಗಿ ಕರೆದ. ಎರಡು ಬೆರಳಿನ ಕೈ ಒಂದು ಫಿಲ್ಟರನ್ನು ಎತ್ತಿ ಇನ್ನೊಂದರ ಮೇಲಿಟ್ಟಿತು. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅನ್ನುವ ಹಾಗೆ ಅವನು ತನ್ನ ಕೆಲಸ ಮುಂದುವರಿಸಿದ. ಗಂಗಾಂಬಿಕಾ ಒಮ್ಮೆ ಮಗನನ್ನು, ಒಮ್ಮೆ ಅಪ್ಪನನ್ನು ನೋಡಿದರು.

ಹಂಪಣ್ಣ ಶೆಡ್ಡಿನ ಕಂಬ ಹಿಡಿದುಕೊಂಡ.

"ಪರಮೇಶಾ," ಅಂದ.

"ಏನಪ್ಪಾ?" ಅಂತ ಕಾಂತೇಶ ಎದ್ದು ಬಂದ.