ಸೊಳ್ಳೆಮಾಮ ಹೇಳಿದ ಮಾತು

ಬೆಳಗಿನ ಐದೂವರೆ. ಮನೆ ಎಂದರೆ ಇರುವುದೇ ಒಂದು ಕೋಣೆ. ಒಂದು ಮೂಲೆಯಲ್ಲಿ ನಾಲ್ಕು ಮೇಕೆ, ಎದುರು ಮೂಲೆಯಲ್ಲಿ ಮಂಚ, ಮಂಚದ ಮೇಲೆ ಏಳು ತಿಂಗಳ ಬಸುರಿ ಸೊಸೆ. ಮಂಚದ ಹಿಂದಿನ ಗೋಡೆಗೆ ಟಾರ್ಚು ಹಿಡಿದು ಸೊಳ್ಳೆಮಾಮ ಕುಕ್ಕರಗಾಲಲ್ಲಿ ಕೂತಿದ್ದಾರೆ. ಬಾಯಲ್ಲಿ ರಬ್ಬರ್ ಕೊಳವೆ, ಅದರ ತುದಿಗೆ ಗಾಜಿನ ನಳಿಕೆ. ಗೋಡೆಗೆ ಕೂತ ಸೊಳ್ಳೆಯ ಮೇಲೆ ನಳಿಕೆ ಇಟ್ಟು ಉಸಿರೆಳೆದರೆ ಅದು ಒಳಗೆ. ನಡುವೆ ಬಟ್ಟೆಯ ಜಾಲರಿ ಇದೆ; ಇಲ್ಲದಿದ್ದರೆ ಸೀದಾ ಗಂಟಲಿಗೆ.

"ಕೆಲಸ ಇಲ್ಲದವರು ನೊಣ ಹೊಡೀತಾರೆ ಅಂತಾರಲ್ಲ, ನಂದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ" ಎಂದು ನಗುತ್ತಾರೆ.

ಕಾಗದದ ಮೇಲೆ ಇವರು ಆರೋಗ್ಯ ಇಲಾಖೆಯ ಕೀಟ ಸಂಗ್ರಾಹಕ. ಇಪ್ಪತ್ತಮೂರು ವರ್ಷದಿಂದ ದಿನಕ್ಕೆ ಹನ್ನೆರಡು ಮನೆ, ಮನೆಗೆ ಹದಿನೈದು ನಿಮಿಷ. ಹಿಡಿದ ಸೊಳ್ಳೆಯ ಹೊಟ್ಟೆಯಲ್ಲಿರುವುದು ಯಾರ ರಕ್ತ ಎಂದು ಲ್ಯಾಬಿನವರು ಹೇಳುತ್ತಾರೆ. ಪ್ರಾಣಿಗಳಿಲ್ಲದ ಪಕ್ಕದ ಮನೆಯಲ್ಲಿ ನಿನ್ನೆ ಸಿಕ್ಕಿದ್ದು ಆರು. ಇವತ್ತು ಇಲ್ಲಿ ನಲವತ್ತೊಂದು.

"ಮೇಕೆ ಹೊರಗೆ ಕಟ್ಟಿ ಅಮ್ಮಾ, ಬಸುರಿ ಹೆಂಗಸು ಮಲಗೋ ಜಾಗ."

"ಹೊರಗೆ ಕಟ್ಟಿದ್ರೆ ಕಳ್ಳರು ಬಿಡ್ತಾರಾ? ಮೇಕೆ ಒಳಗಿದ್ರೆ ಸೊಳ್ಳೆ ಅದನ್ನೇ ಕಚ್ಚುತ್ತೆ, ನಮ್ಮ ತಂಟೆಗೆ ಬರಲ್ಲ" ಎನ್ನುತ್ತಾರೆ ಅತ್ತೆ. "ಅದೂ ಸೊಳ್ಳೆಮಾಮ, ನೀವೇ ಹೇಳಿದ್ದಂತೆ."

ಸೊಳ್ಳೆಮಾಮನ ಮುಖ ಇಳಿದುಹೋಗುತ್ತದೆ. ಹೇಳಿದ್ದು ಹೌದು. ಕೆಲಸಕ್ಕೆ ಸೇರಿದ ವರ್ಷ, ಕೊಟ್ಟಿಗೆಗಳಲ್ಲಿ ಹಿಡಿದ ಸೊಳ್ಳೆಗಳಲ್ಲೆಲ್ಲ ದನದ ರಕ್ತವೇ ಎಂದು ಲ್ಯಾಬಿನಿಂದ ಚೀಟಿ ಬಂದಿತ್ತು. ಭಾರೀ ಗುಟ್ಟು ಸಿಕ್ಕಿತೆಂದು ಬೀದಿಗೆಲ್ಲ ಸಾರಿದರು. ಮೊದಲು ಹೇಳಿದ್ದು ಸ್ವಂತ ತಂಗಿಗೆ. ಅಣ್ಣ ಸರ್ಕಾರಿ ಕೆಲಸದವನು, ತಿಳಿದವನು ಎಂದು ಅವಳು ಕರುವನ್ನು ಮಗಳ ಹಾಸಿಗೆಯ ಪಕ್ಕದಲ್ಲೇ ಕಟ್ಟಿದಳು. ಏಳು ವರ್ಷದ ಹುಡುಗಿ ಮಲೇರಿಯಾ ಬಂದು ಒಂಬತ್ತೇ ದಿನದಲ್ಲಿ ತೀರಿಕೊಂಡಳು. ಆಮೇಲೆ ಆ ಕೋಣೆಯ ಸೊಳ್ಳೆ ಹಿಡಿದವರೂ ಇವರೇ. ಅರ್ಧದಲ್ಲಿ ಕರುವಿನ ರಕ್ತ, ಅರ್ಧದಲ್ಲಿ ಮನುಷ್ಯರದ್ದು.

"ದೂರದ ಕೊಟ್ಟಿಗೇಲಿ ಕಟ್ಟಿದ್ರೆ ಬೇರೆ ಮಾತು. ಮಲಗೋ ಕೋಣೇಲಿ ಕಟ್ಟಿದ್ರೆ ಸೊಳ್ಳೇನ ಊಟಕ್ಕೆ ಕರೆದ ಹಾಗೆ. ಕರುವಿನ ವಾಸನೆಗೆ ಬಂದವು, ಮಗು ಪಕ್ಕದಲ್ಲೇ ಇತ್ತು" ಎನ್ನುತ್ತಾರೆ. ಈ ಕಥೆಯನ್ನು ಅವರು ಮನೆಮನೆಯಲ್ಲೂ ಹೇಳುತ್ತಾರೆ, ಈ ಮನೆಯಲ್ಲೂ ಹೇಳುತ್ತಾರೆ.

"ನಿಮ್ಮ ತಂಗಿ ಏನಂದ್ರು?" ಸೊಸೆ ಕೇಳುತ್ತಾಳೆ.

"ಏನೂ ಅನ್ನಲಿಲ್ಲ ತಾಯಿ. ಅವಳ ಮನೇನೂ ನನ್ನ ಪಟ್ಟೀಲೇ ಇದೆ. ತಿಂಗಳಿಗೊಮ್ಮೆ ಹೋಗ್ತೀನಿ. ಬಾಗಿಲು ತೆಗೀತಾಳೆ, ಬೆನ್ನು ತಿರುಗಿಸಿ ನಿಲ್ತಾಳೆ. ಇಪ್ಪತ್ತೆರಡು ವರ್ಷ ಆಯ್ತು."

ಸೊಸೆ ಗೋಡೆ ಹಿಡಿದು ಎದ್ದು, ಮೇಕೆಗಳ ಹಗ್ಗ ಬಿಚ್ಚತೊಡಗುತ್ತಾಳೆ. "ನೋಡೋಣ, ಕತ್ತಲಾದ ಮೇಲೆ ಏನ್ಮಾಡ್ತಾಳೋ" ಎಂದು ಅತ್ತೆ ಗೊಣಗುತ್ತಾರೆ.

ಹೊರಗೆ ಬಂದು ಸೊಳ್ಳೆಮಾಮ ನಳಿಕೆ ಒರೆಸಿಕೊಳ್ಳುತ್ತಾರೆ. ಇನ್ನೂ ಹನ್ನೊಂದು ಮನೆ ಬಾಕಿ. ನಿವೃತ್ತಿಗೆ ಎರಡು ವರ್ಷ ಉಳಿದಿದೆ, ಆಸೆ ಏನಾದರೂ ಉಂಟೇ ಎಂದರೆ ನಳಿಕೆಯನ್ನು ಚೀಲಕ್ಕೆ ಹಾಕುತ್ತಾರೆ.

"ನಾನು ಅವತ್ತು ಆಡಿದ ಮಾತು ಇನ್ನೂ ಬದುಕಿದೆಯಲ್ಲ, ಅದು ನನಗಿಂತ ಮೊದಲು ಸಾಯಬೇಕು. ಅಷ್ಟೇ."