ನನ್ನ ಗಂಡನನ್ನು ಅವಧೂತ ಮಾಡಿದವರು

ನನ್ನ ಗಂಡ ಸಮಾಧಿ ಸ್ಥಿತಿಯಲ್ಲಿ ದೇಹ ಬಿಡಲಿಲ್ಲ. ಕೊಬ್ಬರಿ ಚೂರು ಉಸಿರಿನ ದಾರಿಗೆ ಹೋಗಿ, ಎದೆಯಲ್ಲಿ ಕೀವಾಗಿ, ಆಸ್ಪತ್ರೆಯಲ್ಲಿ ಗಾಳಿಗೆ ಒದ್ದಾಡಿ ಸತ್ತರು. ವಿಜಯನಗರದ ನಮ್ಮ ಬೀದಿಯಲ್ಲಿ ಇವತ್ತಿಗೂ ಬೇರೆ ಕಥೆ ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ಮಂಚದ ಪಕ್ಕದಲ್ಲಿ ಕೂತಿದ್ದವಳು ನಾನು.

ಅವರು ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಕಬ್ಬಿಣ ಹೆರೆಯುವ ಲೇತ್ ಮಿಷನ್ ಮುಂದೆ ನಿಂತು ಆಯಸ್ಸು ಕಳೆದವರು. ದೇವರು ದಿಂಡರು ಅಂತ ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ. ಕೆಲಸ ಬಿಟ್ಟ ಮೇಲೆ ಹೊತ್ತು ಹೋಗದೆ, ಗುಡಿಯ ಹಿಂದಿನ ಹಾಲ್‌ನಲ್ಲಿ ಗುರುವಾರ ಸಂಜೆ ನಡೆಯುವ ವೇದಾಂತ ಪ್ರವಚನಕ್ಕೆ ಹೋಗತೊಡಗಿದರು. ನಾನೂ ಹೋಗಿ ಹಿಂದೆ ಹೆಂಗಸರ ಜೊತೆ ಕೂರುತ್ತಿದ್ದೆ. ಪ್ರವಚನ ಮಾಡುವವರು ಮೆಟ್ರೋದಲ್ಲಿ ಬಂದು ಹೋಗುವ ವಯಸ್ಸಾದ ಮೇಷ್ಟ್ರು. ನನ್ನಂಥವಳಿಗೂ ತಿಳಿಯುವ ಹಾಗೆ ಹೇಳುತ್ತಿದ್ದರು. ದೇಹ ನೀನಲ್ಲ, ಯಾಕೆಂದರೆ ದೇಹವನ್ನು ನೀನು ನೋಡುತ್ತೀಯ. ಮನಸ್ಸು ನೀನಲ್ಲ, ಯಾಕೆಂದರೆ ಅದು ಬೇಜಾರಾಗಿದ್ದು ನಿನಗೆ ಗೊತ್ತಾಗುತ್ತದೆ. ಹೆಸರು ತೆಗೆ, ಕಸುಬು ತೆಗೆ, ನೆಂಟಸ್ತಿಕೆ ತೆಗೆ. ತೆಗೆಯಲಾರದೆ ಉಳಿಯುವ ಬರೀ ಅರಿವು ಇದೆಯಲ್ಲ, ಅದೇ ನೀನು.

ಮನೆಗೆ ನಡೆದು ಬರುವಾಗ ನನ್ನ ಗಂಡ ನಗುತ್ತಿದ್ದರು. "ಎಲ್ಲಾ ತೆಗೀತಾ ಹೋದ್ರೆ ಏನ್ ಉಳಿಯುತ್ತೆ ಕಣೇ? ಮಿಷನ್ ಕೆಳಗೆ ಕಬ್ಬಿಣದ ಸುರುಳಿ ಗುಡ್ಡೆ ಬೀಳುತ್ತೆ ಅಷ್ಟೆ."

ಆಮೇಲೆ ಮರೆವು ಶುರುವಾಯಿತು. ಮೊದಲು ಜನರ ಹೆಸರು ಹೋಯಿತು, ಆಮೇಲೆ ನಮ್ಮ ಬೀದಿ, ಆಮೇಲೆ ಬಚ್ಚಲು ಎಲ್ಲಿದೆ ಅನ್ನುವುದು. ಒಂದು ದಿನ ತಟ್ಟೆ ಇಟ್ಟ ನನ್ನನ್ನೇ ನೋಡಿ, "ನೀವು ಯಾರಮ್ಮ, ಊಟ ಹಾಕ್ತಾ ಇದೀರಲ್ಲ" ಎಂದರು. ಡಾಕ್ಟರು ಮೆದುಳು ಕುಗ್ಗುತ್ತಿದೆ, ಹೋದದ್ದು ವಾಪಸ್ ಬರುವುದಿಲ್ಲ ಎಂದರು. ಕೊನೆಗೆ ಮಾತೂ ನಿಂತಿತು. ಮೇಷ್ಟ್ರು ತೆಗೆ ಅಂದದ್ದೆಲ್ಲ ಹೋಯಿತು. ಆದರೆ ಇವರು ತೆಗೆದು ಇಟ್ಟದ್ದಲ್ಲ, ಯಾರೋ ಕಿತ್ತುಕೊಂಡ ಹಾಗೆ ಹೋಯಿತು.

ಕಸುಬು ಮಾತ್ರ ಬೆರಳಲ್ಲಿ ಉಳಿದಿತ್ತು. ಲೇತ್ ಕೆಲಸದವರು ಮಿಷನ್‌ನಿಂದ ತೆಗೆದ ಕಬ್ಬಿಣದ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ ಸವರಿ ನೋಡುತ್ತಾರೆ, ಮುಳ್ಳು ಉಳಿದಿದೆಯಾ ಅಂತ. ಮದುವೆಯಾದ ಹೊಸದರಲ್ಲಿ ನನ್ನ ಬಳೆಯನ್ನೂ ಹಾಗೇ ಸವರುತ್ತಿದ್ದರು. ಈಗ ಬೆರಳ ನಡುವೆ ಏನೂ ಇರಲಿಲ್ಲ. ಎರಡು ಬೆರಳು ಜೋಡಿಸಿಕೊಂಡು ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂರುತ್ತಿದ್ದರು.

ಗುರುವಾರ ನಾನಿನ್ನೂ ಅವರನ್ನು ಪ್ರವಚನಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹಾಲ್‌ನಲ್ಲಿ ಹಾಗೆ ಕೂತಿದ್ದನ್ನು ಪ್ರವಚನ ನಡೆಸುವ ಸತ್ಸಂಗದ ಅಧ್ಯಕ್ಷರು ಕಂಡರು. ಅವರು ನಮ್ಮ ಮುಂದಿನ ಬೀದಿಯವರು, ರಿಟೈರ್ ಆದವರು, ಯಾವ ಕೆಲಸವನ್ನಾದರೂ ನಾಲ್ಕು ಜನ ಸೇರಿಸಿಯೇ ಮಾಡುವವರು.

"ಅಮ್ಮಾ, ನೋಡಿದ್ರಾ, ಚಿನ್ಮುದ್ರೆ. ಯಾರೂ ಹೇಳಿಕೊಟ್ಟಿಲ್ಲ, ತಾನಾಗೇ ಬಂದಿದೆ."

"ಅದು ಲೇತ್ ಕೆಲಸದ ಕೈ ಸಾರ್."

"ಹತ್ತಿರ ಇರೋರಿಗೆ ಗೊತ್ತಾಗಲ್ಲ ಬಿಡಿ." ಬಗ್ಗಿ ನನ್ನ ಗಂಡನ ಮುಖದ ಹತ್ತಿರ ಹೋಗಿ ಕೇಳಿದರು, "ಸ್ವಾಮಿ, ನೀವು ಯಾರು?"

ಇವರು ಕಣ್ಣು ಬಿಟ್ಟು ಅವರನ್ನು ನೋಡಿ, ಗೋಡೆ ಕಡೆ ತಿರುಗಿದರು. ಹಿಂದೆ ಕೂತಿದ್ದ ಒಬ್ಬ ಹೆಂಗಸು ಕೈ ಮುಗಿದು ಕಣ್ಣೀರು ಹಾಕಿದಳು.

"ಇದೇ ಪ್ರಶ್ನೆ ನಿನ್ನೆ ನಾನೂ ಕೇಳ್ದೆ" ಅಂದೆ. "ಪಂಚೆಯಲ್ಲೇ ಉಚ್ಚೆ ಹೊಯ್ಕೊಂಡ್ರು."

"ಅವಧೂತರಿಗೆ ಮಡಿ ಮೈಲಿಗೆ ಎಲ್ಲಿದೆ ಅಮ್ಮ."

ಇಂಥವರ ಹತ್ತಿರ ಏನು ಹೇಳಿದರೂ ಅವರ ಲೆಕ್ಕಕ್ಕೇ ಜಮೆಯಾಗುತ್ತದೆ. ಅಲ್ಲಿಂದ ಪ್ರತಿ ಗುರುವಾರ ಅವರೇ ಆಟೋ ತಂದು ಕರೆದುಕೊಂಡು ಹೋಗತೊಡಗಿದರು. ಕುರ್ಚಿ ಹಾಕಿದರು, ಶಾಲು ಹೊದಿಸಿದರು. ಜನ ಹಣ್ಣು ಹಿಡಿದು ಬಂದರು. ಅವಧೂತರು ಕಚ್ಚಿ ಬಿಟ್ಟದ್ದು ಪ್ರಸಾದ ಅಂತ ನಂಬಿಕೆ. ಇವರ ಬಾಯಿಗೆ ಇಟ್ಟು, ಕಚ್ಚಿಸಿ, ಉಳಿದದ್ದನ್ನು ಮಕ್ಕಳಿಗೆ ತಿನ್ನಿಸುತ್ತಿದ್ದರು. ನಾನು ಕಳಿಸುತ್ತಿದ್ದೆ. ಆ ಹೊತ್ತು ನನಗೆ ನಿದ್ದೆ ಸಿಗುತ್ತಿತ್ತು. ಬೆಳೆದ ಗಂಡಸಿನ ಮೈ ದಿನವೂ ತೊಳೆದವರು ಯಾಕೆ ಕಳಿಸಿದೆ ಅಂತ ಕೇಳುವುದಿಲ್ಲ.

ಅಷ್ಟರಲ್ಲಿ ಇವರಿಗೆ ನುಂಗುವುದೂ ಮರೆಯಲು ಶುರುವಾಯಿತು. ತುತ್ತು ಕೆನ್ನೆಯೊಳಗೇ ಇರುತ್ತಿತ್ತು. ಡಾಕ್ಟರು ತೆಳ್ಳಗಿನ ಅಂಬಲಿ, ಕಿವುಚಿದ ಅನ್ನ ಬಿಟ್ಟು ಬೇರೆ ಕೊಡಬೇಡಿ, ಊಟ ಆದ ಮೇಲೆ ಬೆರಳು ಹಾಕಿ ಕೆನ್ನೆ ನೋಡಿ ಎಂದಿದ್ದರು. ಅಧ್ಯಕ್ಷರಿಗೆ ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ. "ಇನ್ನು ಬಾಯಿಗೆ ಏನೂ ಇಡಬೇಡಿ. ಹೂವು ಬೇಕಾದ್ರೆ ಹಾಕ್ಕೊಳ್ಳಿ." ಆಯ್ತಮ್ಮ ಆಯ್ತಮ್ಮ ಎಂದರು.

ನಂಬಿಕೆ ಸಾಲದೆ ಒಂದು ಗುರುವಾರ ನಾನೂ ಹೋದೆ. ಪ್ರವಚನ ಮುಗಿದು ಮೇಷ್ಟ್ರು ಚಪ್ಪಲಿ ಹುಡುಕುತ್ತಿದ್ದರು.

"ಸಾರ್, ಒಂದು ಮಾತು. ನಿದ್ದೇದು ಹೇಳ್ತೀರಲ್ಲ. ಗಾಢ ನಿದ್ದೇಲಿ ಏನೂ ಗೊತ್ತಿರಲ್ಲ, ಎದ್ದ ಮೇಲೆ ಸುಖವಾಗಿ ಮಲಗಿದ್ದೆ ಅಂತೀವಿ, ಅಂದ್ರೆ ಒಳಗೆ ನೋಡ್ತಾ ಇದ್ದದ್ದು ಒಂದು ಇತ್ತು ಅಂತ. ನಮ್ಮೋರು ಏಳೋದೇ ಇಲ್ಲ. ಇವರೊಳಗೆ ನೋಡ್ತಾ ಇರೋದು ಯಾರು?"

ಅವರು ಕನ್ನಡಕ ತೆಗೆದು ಒರೆಸಿದರು. "ನಿಮ್ಮೊಳಗೆ ನನ್ನೊಳಗೆ ಇರೋದೇ ತಾಯಿ. ಬೆಳಕು ಅದೇ. ಬೆಳಕು ಬೀಳೋ ಕನ್ನಡಿ ಒಡೆದಿದೆ."

"ಹಂಗಾದ್ರೆ ಇವರು ಜ್ಞಾನಿನಾ?"

"ಅಲ್ಲ. ನಾನು ದೇಹ ಅನ್ನೋ ತಪ್ಪು ಇರೋದು ಮನಸ್ಸಲ್ಲಿ, ಅದು ಹೋಗಬೇಕಾದ್ದೂ ಮನಸ್ಸಲ್ಲೇ. ಮನಸ್ಸೇ ಹೋದ ಮೇಲೆ ಜ್ಞಾನ ಯಾರಿಗೆ? ಚೈತನ್ಯ ಎಲ್ಲರಲ್ಲೂ ಇದೆ. ಆಚೆ ಮಲಗಿರೋ ನಾಯೀಲೂ ಇದೆ. ನಾಯಿಗೆ ಯಾರೂ ಶಾಲು ಹೊದಿಸಲ್ಲ."

"ಇದನ್ನೇ ಮೈಕಲ್ಲಿ ಹೇಳಿ."

"ಅಧ್ಯಕ್ಷರಿಗೆ ಹೇಳಿದೀನಿ. ಜನ ಚೆನ್ನಾಗಿ ಬರ್ತಾ ಇದಾರೆ, ನೀವು ಸುಮ್ನಿರಿ ಅಂತಾರೆ."

ಕೆಟ್ಟವರೇನಲ್ಲ. ಆದರೆ ಚಪ್ಪಲಿ ಸಿಕ್ಕಿದ ಕೂಡಲೇ ಮೆಟ್ರೋ ಕಡೆ ಹೋದರು.

ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ. ಬೆಳಿಗ್ಗೆ ತಲೆ ಮೇಲೆ ಮೊದಲ ಚೊಂಬು ನೀರು ಬಿದ್ದಾಗ ಇವರು ಬೆಚ್ಚಿ ನನ್ನ ಕಡೆ ನೋಡುತ್ತಿದ್ದರು. ಆ ನೋಟದಲ್ಲಿ ಗಂಡ ಇರಲಿಲ್ಲ, ಲೇತ್ ಕೆಲಸದವನೂ ಇರಲಿಲ್ಲ, ಹೆಸರಿರಲಿಲ್ಲ. ನೋಟ ಮಾತ್ರ ಇತ್ತು. ಅದನ್ನೇ ಶುದ್ಧ ಚೈತನ್ಯ ಅನ್ನುತ್ತಾರೋ ಏನೋ ನನಗೆ ಗೊತ್ತಿಲ್ಲ. ಅದೇ ಆಗಿದ್ದರೆ, ಅದು ಹೆದರಿತ್ತು. ಹೆದರಿದ್ದು ದೇಹ, ಒಳಗೆ ನೋಡುವ ಸಾಕ್ಷಿಯಲ್ಲ ಅಂತ ಮೇಷ್ಟ್ರು ಹೇಳಿಯಾರು. ಇರಬಹುದು. ಟವೆಲ್ ಸುತ್ತಿ ಹಿಡಿದುಕೊಳ್ಳಲು ಸಿಗುತ್ತಿದ್ದದ್ದು ದೇಹವೊಂದೇ.

ನಾನು ಮನೆಯಲ್ಲೇ ಉಳಿದ ಇನ್ನೊಂದು ಗುರುವಾರ ಹಾಲ್‌ನಲ್ಲಿ ಏನೋ ವಿಶೇಷ ಪೂಜೆ ಇತ್ತು. ಯಾರೋ ಕೊಬ್ಬರಿ ಸಕ್ಕರೆ ತಂದು ಇವರ ಬಾಯಿಗಿಟ್ಟರು. ಅರ್ಧ ಕಚ್ಚಿಸಿ ಅರ್ಧ ಹಂಚಿಕೊಂಡರು. ಒಳಗೆ ಉಳಿದ ಅರ್ಧ ಏನಾಯಿತು ಅಂತ ಯಾರೂ ನೋಡಲಿಲ್ಲ. ಇವರು ಕೆಮ್ಮಿದರು, ಮುಖ ಕಪ್ಪಿಟ್ಟಿತು, ಕಣ್ಣು ಮೇಲಕ್ಕೆ ಹೋಯಿತು. ಅಧ್ಯಕ್ಷರು ಭಜನೆ ನಿಲ್ಲಿಸಿ, "ಯಾರೂ ಮುಟ್ಟಬೇಡಿ, ಪ್ರಾಣ ಮೇಲಕ್ಕೇರ್ತಾ ಇದೆ" ಎಂದರಂತೆ. ಜನ ಕೈ ಮುಗಿದು ನೋಡುತ್ತಾ ಕೂತರಂತೆ. ಅಲ್ಲಿದ್ದ ಪಕ್ಕದ ಮನೆಯವಳು ಆಮೇಲೆ ಬಂದು ನನಗೆ ಹೇಳಿದಳು. ಅವಳೂ ಕೈ ಮುಗಿದಿದ್ದವಳೇ.

ಆಟೋದಲ್ಲಿ ತಂದು ಬಿಟ್ಟಾಗ ಎದೆ ಗೊರಗೊರ ಅನ್ನುತ್ತಿತ್ತು. ಬಾಯೊಳಗೆ ಬೆರಳು ಹಾಕಿದೆ. ಕೊಬ್ಬರಿ ನಾರು ಬಂತು. ಮಹಡಿ ಮೇಲಿರುವ ಮಗಳು ಕಾರು ತೆಗೆದಳು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು, ಅಷ್ಟೇ.

ಹೆಣ ಮನೆಗೆ ಬಂದ ಹಿಂದೆಯೇ ಅಧ್ಯಕ್ಷರು ದೊಡ್ಡ ಹಾರ ಹಿಡಿದುಕೊಂಡು ಬಂದರು.

"ಅಮ್ಮ, ಇಂಥೋರನ್ನ ಮಲಗಿಸಿ ಹೂಳಬಾರ್ದು. ಕೂರಿಸಿ ಸಮಾಧಿ ಮಾಡ್ಬೇಕು. ಹೇಗೂ ನಾಗರಬಾವೀಲಿ ನಿಮ್ಮದೇ ಜಾಗ ಇದೆ. ಗದ್ದುಗೆ ನಾವೇ ಕಟ್ಟಿಸ್ತೀವಿ."

ನಾಗರಬಾವಿಯಲ್ಲಿ ನಮ್ಮ ಮಾವನವರ ಹೊಲವೆಲ್ಲ ಲೇಔಟಿಗೆ ಹೋಗಿ, ಸಮಾಧಿಗಳಿದ್ದ ತುಂಡು ಮಾತ್ರ ಉಳಿದಿದೆ. ಸುತ್ತ ಕಾಲೇಜು ಹುಡುಗರ ಬಾಡಿಗೆ ರೂಮುಗಳು. ಅತ್ತೆ ಮಾವ ಅಲ್ಲೇ ಮಲಗಿದ್ದಾರೆ. ನಮ್ಮಲ್ಲಿ ಹೂಳುವುದೇ ಪದ್ಧತಿ. ಇವರ ಜಾಗವೂ ಅಲ್ಲೇ, ಅವರಪ್ಪನ ಪಕ್ಕದಲ್ಲಿ, ಅದರ ಪಕ್ಕದಲ್ಲಿ ನನ್ನದು ಅಂತ ಎಂದೋ ಮಾತಾಗಿತ್ತು.

ಮಗಳು ನನ್ನ ಕಿವಿಯಲ್ಲಿ ಹೇಳಿದಳು, "ಒಪ್ಕೊಳ್ಳಮ್ಮ. ಅಪ್ಪನಿಗೆ ಮರ್ಯಾದೆ ಅಲ್ವಾ."

ಅಲ್ಲಿ ಹೂತರೆ ಏನಾಗುತ್ತದೆ ಅಂತ ನನಗೆ ಕಾಣುತ್ತಿತ್ತು. ಮಲಗಿಸಿಯೇ ಹೂತರೂ ಬರುವ ಗುರುವಾರ ಇವರೆಲ್ಲ ಅಲ್ಲಿರುತ್ತಾರೆ. ಕಲ್ಲು ನೆಡುತ್ತಾರೆ, ಹೆಸರಿಡುತ್ತಾರೆ. ಆಮೇಲೆ ನೆನಪು ಕಳೆದುಕೊಂಡ ಇನ್ನೊಂದು ಮುದಿ ಜೀವವನ್ನು ಯಾರದೋ ಮನೆಯಿಂದ ಆಟೋದಲ್ಲಿ ತಂದು ಅದರ ಪಕ್ಕ ಕೂರಿಸಿ, ಬಾಯಿಗೆ ಬಾಳೆಹಣ್ಣು ತುರುಕುತ್ತಾರೆ.

"ಸುಡ್ತೀವಿ" ಅಂದೆ.

ಅಧ್ಯಕ್ಷರು ದಂಗಾದರು. "ನಿಮ್ಮ ಮನೆತನದಲ್ಲಿ ಹೂಳೋದಲ್ವಾ?"

"ಹೂಳೋದೇ."

"ಮತ್ತೆ?"

"ನಿಮ್ಮ ದೆಸೆಯಿಂದ."

ಮೈದುನಂದಿರು ನನ್ನ ಜೊತೆ ಮಾತು ಬಿಟ್ಟರು. ಸಂಜೆ ವಿದ್ಯುತ್ ಚಿತಾಗಾರಕ್ಕೆ ಒಯ್ದೆವು. ನಮ್ಮ ಮನೆಯಲ್ಲಿ ಬೆಂಕಿಗೆ ಹೋದ ಮೊದಲನೆಯ ಹೆಣ ಅದು. ಗೇಟಿನ ಹತ್ತಿರ ಅಧ್ಯಕ್ಷರು ಮತ್ತೆ ಬಂದರು. "ಹೋಗ್ಲಿ ಅಮ್ಮ. ಅಸ್ಥೀಲಿ ಒಂದು ಹಿಡಿ ನಮಗೆ ಕೊಡಿ, ಪ್ರವಚನದ ಹಾಲ್‌ನಲ್ಲೇ ಇಟ್ಕೋತೀವಿ. ಬೆಳಿಗ್ಗೆ ತಾಮ್ರದ ಬಿಂದಿಗೆ ತರ್ತೀವಿ." ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೀತಾರೆ ಅಂತ ನಾನು ಒಳಗೆ ಹೋಗಿ ಕೇಳಿಕೊಂಡೆ.

ಮಾರನೇ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮಗಳನ್ನು ಕರೆದುಕೊಂಡು ಹೋಗಿ ಚಿತಾಗಾರದ ಮೆಟ್ಟಿಲ ಮೇಲೆ ಕೂತೆ. ಹೆಂಗಸರು ಬರಬಾರದು ಅಂತ ಅಲ್ಲಿನವನು ಗೊಣಗಿದ. ಗಂಡಸರು ಬರೋ ಹೊತ್ತಿಗೆ ತಡ ಆಗುತ್ತೆ ಕಣಪ್ಪ ಅಂದೆ. ಮಡಕೆಗೆ ತುಂಬಿ ಕೊಟ್ಟ. ಬೂದಿ ಬೀಳುವ ತಟ್ಟೆಯಲ್ಲಿ ಏನೂ ಉಳಿಯದ ಹಾಗೆ ಇನ್ನೊಂದು ಸಲ ಗುಡಿಸಿಸಿದೆ. ಮೈಸೂರು ರಸ್ತೆಯಲ್ಲಿ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ, ಪಶ್ಚಿಮವಾಹಿನಿಯಲ್ಲಿ ಮೊಣಕಾಲುದ್ದ ನೀರಿಗಿಳಿದು ಮಡಕೆ ಬಗ್ಗಿಸಿದೆ. ದಡದಲ್ಲಿ ಮಗಳ ಫೋನು ಹೊಡೆದುಕೊಳ್ಳುತ್ತಿತ್ತು. ಅಧ್ಯಕ್ಷರದ್ದು.

"ಎತ್ತಬೇಡ" ಅಂದೆ. ಮಡಕೆಯನ್ನು ನೀರಲ್ಲಿ ಮುಳುಗಿಸಿ, ಒಳಗೆ ಕೈ ಹಾಕಿ, ತಳಕ್ಕೆ ಅಂಟಿದ್ದನ್ನೂ ಉಜ್ಜಿ ತೊಳೆದೆ.