ಮಲ್ವಿಯನ್ನು ಮದುವೆಯಾದ ಅಟ್ರಾಕ್ಟಾ ಮಲ್ವಿ

ಅಟ್ರಾಕ್ಟಾ ಮಲ್ವಿಯ ಕೂದಲು ಕೆಂಪು. ನಮ್ಮ ಕಡೆ ಅದು ಸಣ್ಣ ವಿಷಯವಲ್ಲ. ಸಂತೆಗೆ ಕರು ಹೊಡೆದುಕೊಂಡು ಹೊರಟವನಿಗೆ ಮೊದಲು ಕೆಂಪು ಕೂದಲಿನ ಹೆಂಗಸು ಎದುರಾದರೆ ಅವನು ಮನೆಗೆ ಹಿಂದಿರುಗಿ, ಒಂದು ಗಳಿಗೆ ಕೂತು, ಹೊಸದಾಗಿ ಹೊರಡಬೇಕು. ಇಲ್ಲವಾದರೆ ಆ ದಿನದ ವ್ಯಾಪಾರ ಕೆಟ್ಟಂತೆ. ಆದ್ದರಿಂದ ಸಂತೆಯ ಬೆಳಿಗ್ಗೆ ಕೊನೆಯ ಗಾಡಿ ದಾಟುವವರೆಗೆ ಅಟ್ರಾಕ್ಟಾ ಬಾಗಿಲಿನಿಂದ ಆಚೆ ಬರುತ್ತಿರಲಿಲ್ಲ. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಆ ಹೊತ್ತಿನಲ್ಲಿ ಎರಡನೆಯ ಸಲ ಚಹಾ ಕುಡಿಯುತ್ತಿದ್ದಳು.

ಅವಳ ಕಣ್ಣು ತಪ್ಪಿಸಲಾಗದ ಒಬ್ಬನಿದ್ದ. ಜೌಗಿನ ಅಂಚಿನ ಹ್ಯೂಬರ್ಟ್ ಮಲ್ವಿ. ಗಾಡಿಗಳೆಲ್ಲ ದಾಟಿದವೆಂದು ಅವಳು ಕೋಳಿ ಬಿಡಲು ಬಂದರೆ ಅವನು ಎದುರಾಗುವನು. ಟೋಪಿ ಮುಟ್ಟಿ, ಕರುಗಳನ್ನು ತಿರುಗಿಸಿಕೊಂಡು ಮನೆಗೆ ಹೋಗುವನು. ಮತ್ತೆ ಬರುವಾಗ ಮತ್ತೆ ಅವಳೇ ಎದುರಾಗುವಳು. "ಹ್ಯೂಬರ್ಟನ ಕರು ಸಂತೆ ಮುಟ್ಟೋ ಹೊತ್ತಿಗೆ ಕರು ಹಾಕಿರುತ್ತೆ" ಎಂದು ಡೈರಿಯ ಸಾಲಿನಲ್ಲಿ ಗಂಡಸರು ನಗುತ್ತಿದ್ದರು. ನಾನು ಆ ಡೈರಿಯಲ್ಲಿ ಹಾಲಿನ ಜಿಡ್ಡು ಅಳೆಯುವವಳು, ಅಟ್ರಾಕ್ಟಾಳ ಪಕ್ಕದ ಮನೆಯವಳು. ಅವನಿಗೆ ಅದೃಷ್ಟ ಕಡಿಮೆ ಎಂದೇ ನಾವೆಲ್ಲ ತಿಳಿದಿದ್ದೆವು.

ಅಪ್ಪ ತೀರಿಕೊಂಡ ಮೇಲೆ ಅಟ್ರಾಕ್ಟಾ ಗುಡ್ಡದ ಮೇಲಿನ ಆ ಸಣ್ಣ ಹೊಲವನ್ನು ಒಬ್ಬಳೇ ನಡೆಸುತ್ತಿದ್ದಳು. ನಾಲ್ಕು ಹಸು, ಒಂದು ಕತ್ತೆ, ಊರಿನವರ ಅಂಗಿಗಳ ಕಾಲರು ತಿರುಗಿಸಿ ಹೊಲಿಯುವ ಕೆಲಸ. ಹಾಡುತ್ತಿದ್ದಳು, ಬೀದಿಯಲ್ಲಿ ಪಿಟೀಲು ಕೇಳಿದರೆ ಹೊಲಿಗೆ ಕೆಳಗಿಟ್ಟು ಕಾಲು ಕುಣಿಸುತ್ತಿದ್ದಳು. ಮದುವೆಯ ಮಾತು ಎತ್ತಿದವರಿಗೆ "ನನ್ನ ಕತ್ತೆಗೆ ಒಪ್ಪಿಗೆಯಾಗೋ ಗಂಡು ತನ್ನಿ" ಎನ್ನುತ್ತಿದ್ದಳು. ವಯಸ್ಸು ಮೂವತ್ತೈದು ದಾಟಿತ್ತು, ನಮ್ಮ ಕಡೆ ಅದೂ ದೊಡ್ಡ ವಯಸ್ಸಲ್ಲ.

ಆ ಚಳಿಗಾಲ ಸರೋವರದ ದಂಡೆಯ ಮುದುಕಿ ಮಿಸೆಸ್ ಟ್ಯಾನ್ಸಿ ತೀರಿಕೊಂಡಳು. ಅವಳು ಟ್ಯಾನ್ಸಿ ಮನೆಯಲ್ಲಿ ಹುಟ್ಟಿ, ರಕ್ತಸಂಬಂಧವಿಲ್ಲದ ಇನ್ನೊಬ್ಬ ಟ್ಯಾನ್ಸಿಯನ್ನು ಮದುವೆಯಾದವಳು. ಹಾಗೆ ಹುಟ್ಟಿದ ಮನೆಹೆಸರನ್ನೇ ಗಂಡನ ಮನೆಯಲ್ಲೂ ಉಳಿಸಿಕೊಂಡ ಹೆಂಗಸಿನ ಕೈಯ ಬ್ರೆಡ್ ತಿಂದರೆ ಮಕ್ಕಳ ನಾಯಿಕೆಮ್ಮು ಇಳಿಯುತ್ತದೆ. ಅದಕ್ಕೆ ದುಡ್ಡು ಕೊಡಬಾರದು; ಉಪಕಾರವಾಯಿತು ಎಂಬ ಮಾತೂ ಆಡಬಾರದು, ಆಡಿದರೆ ಮದ್ದು ಹೋಯಿತು. ಮಿಸೆಸ್ ಟ್ಯಾನ್ಸಿಯೊಂದಿಗೆ ನಮ್ಮ ಊರಿನ ಮದ್ದು ಮಣ್ಣಿಗೆ ಹೋಗಿತ್ತು. ಏಪ್ರಿಲ್ ಕೊನೆಗೆ ಕೆಮ್ಮು ಬಂತು. ಡಾಕ್ಟರು ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಔಷಧಿ ಕೊಟ್ಟರು, ಜನ ಅದನ್ನೂ ಕುಡಿಸಿದರು. ಆದರೆ ಬ್ರೆಡ್ ಇಲ್ಲದ ಔಷಧಿ ಅವರಿಗೆ ಅರ್ಧ ಕೆಲಸದಂತೆ ಕಂಡಿತು.

ಆಗ ಅಂಗಡಿಯ ಮಿಸೆಸ್ ಲಾವಿನ್‌ಗೆ ಒಂದು ಯೋಚನೆ ಹೊಳೆಯಿತು. ಅವಳ ಮೊಮ್ಮಗಳೂ ಕೆಮ್ಮುತ್ತಿದ್ದಳು. ಗುಡ್ಡದ ಮಲ್ವಿಗಳಿಗೂ ಜೌಗಿನ ಮಲ್ವಿಗಳಿಗೂ ಯಾವ ಕಾಲದಲ್ಲೂ ಸಂಬಂಧವಿರಲಿಲ್ಲ ಎಂದು ಊರಿನ ಹಿರಿಯರನ್ನು ಕೇಳಿ ಖಚಿತ ಮಾಡಿಕೊಂಡಳು. ಡೈರಿಯ ಸಾಲಿನಲ್ಲಿ ಮಾತು ಒಂದೇ ಬೆಳಿಗ್ಗೆ ಹರಡಿತು. ಅಟ್ರಾಕ್ಟಾಳ ಕೂದಲು ಕಂಡು ಹಿಂದಿರುಗುತ್ತಿದ್ದವರು ಈಗ ಅವಳ ಹಾಲಿನ ಕ್ಯಾನು ಇಳಿಸಿಕೊಡಲು ಮುಗಿಬಿದ್ದರು.

"ಏನಾಗಿದೆ ಇವರಿಗೆಲ್ಲ?" ಎಂದು ಅವಳು ನನ್ನನ್ನು ಕೇಳಿದಳು. ನಾನು ಹೇಳಿಬಿಟ್ಟೆ. ಅವಳು ನಗಲಿಲ್ಲ. ಅವಳು ನಗದಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಹ್ಯೂಬರ್ಟ್ ತಾನಾಗೇ ಬಂದು ಕೇಳಿದ್ರೆ ಹೂಂ ಅಂತಿದ್ದೆ ಕಣೇ," ಎಂದಳು. "ಎಷ್ಟೋ ವರ್ಷದಿಂದ ಹೂಂ ಅನ್ನೋಕೆ ತಯಾರಾಗಿ ಕೂತಿದೀನಿ. ಈಗ ಅವನು ಬಂದ್ರೂ ನನಗಾಗಿ ಬಂದನೋ, ಊರು ಕಳಿಸಿ ಬಂದನೋ, ಹೇಗೆ ಗೊತ್ತಾಗುತ್ತೆ? ಒಂದು ಹೆಸರಿನ ಜೊತೆ ಸಂಸಾರ ಮಾಡೋಕೆ ಆಗಲ್ಲ ನನಗೆ."

ಮೇ ತಿಂಗಳ ಮೊದಲ ವಾರ ಮಿಸೆಸ್ ಲಾವಿನ್ ಹೊಸ ಟೋಪಿ ಹಾಕಿಕೊಂಡು ಗುಡ್ಡ ಹತ್ತಿದಳು. ಅಟ್ರಾಕ್ಟಾ ಬೆಣ್ಣೆ ಕಡೆಯುತ್ತಿದ್ದಳು, ನಾನೂ ಅಲ್ಲೇ ಇದ್ದೆ. ಕಡೆಯುವ ಮನೆಗೆ ಕಾಲಿಟ್ಟವರು ಯಾರೇ ಆಗಲಿ ಕಡಗೋಲಿಗೆ ಕೈ ಹಾಕಬೇಕು. ಸುಮ್ಮನೆ ನಿಂತರೆ ಆ ಮನೆಯ ಬೆಣ್ಣೆಯನ್ನು ಕದ್ದೊಯ್ದಂತೆ. ಬೆಣ್ಣೆ ಬರುವುದು ಕೆನೆಯ ಬಿಸಿಯನ್ನು ನೋಡಿಕೊಂಡು ಎಂದು ನಾನು ಓದಿ ಬಂದವಳು. ಆದರೂ ಕೈ ಹಾಕದೆ ಒಂದು ದಿನವೂ ನಿಂತಿಲ್ಲ.

"ದೇವರು ಒಳ್ಳೇದು ಮಾಡಲಿ ಈ ಕೆಲಸಕ್ಕೆ," ಎನ್ನುತ್ತಾ ಒಳಬಂದ ಮಿಸೆಸ್ ಲಾವಿನ್‌ಳ ಕೈಗೆ ಅಟ್ರಾಕ್ಟಾ ಕೋಲು ಕೊಟ್ಟು ತಾನು ಕುರ್ಚಿ ಹಿಡಿದಳು. ಹೆಂಗಸು ಏದುಸಿರು ಬಿಡುತ್ತಾ ಕಡೆಯುತ್ತಲೇ ಸಂಬಂಧ ಹೇಳಬೇಕಾಯಿತು.

"ಹ್ಯೂಬರ್ಟ್... ಒಳ್ಳೆ ಹುಡುಗ... ಸೂರು ಹೊಸದು... ಕುಡಿಯಲ್ಲ."

"ಹುಡುಗನಿಗೆ ನಲವತ್ತೆರಡು," ಎಂದಳು ಅಟ್ರಾಕ್ಟಾ. "ನಿಲ್ಲಿಸಬೇಡಿ, ಬೆಣ್ಣೆ ಬರಲ್ಲ."

"ಮೇ ತಿಂಗಳಲ್ಲಿ ಮದುವೆ ಆಗಬಾರದು, ಕೆಟ್ಟದಾಗುತ್ತೆ. ಅದಕ್ಕೇ ಜೂನ್ ಮೊದಲನೇ ವಾರ ಅಂತ ಪಾದ್ರಿಗಳ ಹತ್ರ ಮಾತಾಡಿದೀನಿ."

"ನನ್ನ ಹತ್ರ ಮಾತಾಡೋದನ್ನ ಯಾವಾಗ ಇಟ್ಕೊಂಡಿದ್ರಿ, ಜುಲೈನಲ್ಲಾ?"

"ಮಕ್ಕಳ ಮುಖ ನೋಡೇ ಅಮ್ಮಣ್ಣಿ. ನಿನ್ನ ಕೈಲಿ ಇಷ್ಟು ಬ್ರೆಡ್—"

"ನನ್ನನ್ನ ಕೇಳೋಕೆ ಬಂದ್ರೋ, ಬ್ರೆಡ್ ಕೇಳೋಕೆ ಬಂದ್ರೋ? ಬ್ರೆಡ್ ಆದ್ರೆ ಅಲ್ಲೇ ಇದೆ, ತಗೊಂಡು ಹೋಗಿ. ಮದ್ದಲ್ಲ ಅಷ್ಟೇ, ಜಾಮ್ ಹಚ್ಚಿದ್ರೆ ರುಚಿಯಾಗಿರುತ್ತೆ."

ಆ ಹೊತ್ತಿಗೆ ಬಾಗಿಲಲ್ಲಿ ಹ್ಯೂಬರ್ಟ್ ನಿಂತಿದ್ದ. ಮುಖ ಕೆಂಪಾಗಿತ್ತು, ಗುಡ್ಡವನ್ನು ಓಡಿಯೇ ಹತ್ತಿರಬೇಕು. ಯಾರೂ ಹೇಳುವ ಮೊದಲೇ ಕೋಟು ಬಿಚ್ಚಿ ಮಿಸೆಸ್ ಲಾವಿನ್‌ಳ ಕೈಯಿಂದ ಕೋಲು ತೆಗೆದುಕೊಂಡ.

"ನಾನು ಯಾರನ್ನೂ ಕಳಿಸಿಲ್ಲ," ಎಂದ ಕಡೆಯುತ್ತಾ. ಮಾತು ಕೋಲಿಗೆ ಹೇಳಿದಂತಿತ್ತು. "ಇವರು ಇಲ್ಲಿಗೆ ಬಂದಿದಾರೆ ಅಂತ ಈಗ ಡೈರಿಯಲ್ಲಿ ಕೇಳಿದೆ. ನನಗೆ ಆ ಮದ್ದು ಬೇಡ."

ಅಟ್ರಾಕ್ಟಾ ಎದ್ದು ಒಲೆಯ ಕಡೆ ತಿರುಗಿ ಕೆಟಲಿನ ಮುಚ್ಚಳ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. "ಅಲ್ಲಿಗಾಯ್ತು," ಎಂದಳು. "ಇಬ್ಬರಿಗೂ ಬೇಡ."

"ನಿನ್ನ ಬೇಡ ಅಂದೆನಾ ನಾನು?"

"ಮತ್ತೇನಂದೆ?"

ಅವನು ಕಡೆಯುವುದು ಬಿಡಲಿಲ್ಲ. ಬಿಟ್ಟಿದ್ದರೆ ಮಾತು ಬರುತ್ತಿರಲಿಲ್ಲವೇನೋ. "ನಮ್ಮ ದೊಡ್ಡಮ್ಮ ಬ್ರೆನನ್ ಮನೆಯವಳು, ಕಟ್ಟಿಕೊಂಡಿದ್ದೂ ಬ್ರೆನನ್ನನ್ನೇ. ಚಿಕ್ಕವನಿದ್ದಾಗ ಬೇಸಿಗೆ ಎಲ್ಲಾ ಅವಳ ಮನೇಲೇ ಇರ್ತಿದ್ದೆ. ಒಂದು ಊಟ ಬಿಸಿಯಾಗಿ ತಿಂದಿಲ್ಲ ಅವಳು. ಕೂತಳು ಅನ್ನೋದರೊಳಗೆ ಬಾಗಿಲು ತಟ್ಟೋರು. ಗೇಟಿನ ತುಂಬ ಕತ್ತೆಗಾಡಿ. ಜಿಲ್ಲೆಯ ಕೆಮ್ಮೆಲ್ಲಾ ಅವಳ ಅಡುಗೆಮನೇಲಿ. ಒಂದು ದಿನ ಸಮುದ್ರ ನೋಡಬೇಕು ಅಂತಿದ್ದಳು, ಸಾಯೋವರೆಗೂ ಆಗಲಿಲ್ಲ. ಆವತ್ತೇ ಅಂದುಕೊಂಡೆ, ಯಾರನ್ನ ಬೇಕಾದ್ರೂ ಮಾಡ್ಕೋತೀನಿ, ಮಲ್ವಿಯೊಬ್ಬಳನ್ನ ಬಿಟ್ಟು."

"ಆಮೇಲೆ?" ಎಂದಳು ಅಟ್ರಾಕ್ಟಾ. ಇನ್ನೂ ತಿರುಗಿರಲಿಲ್ಲ.

"ಆಮೇಲೆ ನೀನು ದೊಡ್ಡವಳಾದೆ."

ಮಿಸೆಸ್ ಲಾವಿನ್ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕೈಗೆ ಚಹಾದ ಬಟ್ಟಲು ಕೊಟ್ಟೆ.

"ನೀನು ಗ್ಯಾಫ್ನಿಯೋ ಲಾವಿನ್ನೋ ಆಗಿದ್ದಿದ್ರೆ ಹಟ್ಟಿಗೆ ಹೊಸ ಸೂರು ಹಾಕಿಸಿದ ವರ್ಷವೇ ಬಂದು ಕೇಳ್ತಿದ್ದೆ," ಎಂದ ಹ್ಯೂಬರ್ಟ್. "ಬೇರೆ ಯಾರನ್ನಾದ್ರೂ ನೋಡೋಣ ಅಂತ ಕುಣಿತಕ್ಕೆ ಹೋಗ್ತಿದ್ದೆ. ನೀನು ಬಂದಿದೀಯಾ ಅಂತ ನೋಡಿ, ಬಂದಿಲ್ಲದಿದ್ರೆ ವಾಪಸ್ ಬರ್ತಿದ್ದೆ."

ಅಟ್ರಾಕ್ಟಾ ತಿರುಗಿದಳು. ಅವಳ ಪ್ರಶ್ನೆ ಚೆನ್ನಾಗಿ ಯೋಚಿಸಿದ್ದಾಗಿತ್ತು.

"ಮದುವೆಯಾದ ಮೇಲೆ ನನ್ನ ಬ್ರೆಡ್ ತಿಂದು ಒಂದು ಮಗುವಿಗೂ ಗುಣವಾಗಲಿಲ್ಲ ಅಂತಿಟ್ಕೋ. ಒಂದಕ್ಕೂ. ಊರೆಲ್ಲ ನಗುತ್ತೆ. ಆಗ?"

ಹ್ಯೂಬರ್ಟನ ಮುಖ ನೋಡುವಂತೆ ಅರಳಿತು. "ಹಾಗಾಗುತ್ತೆ ಅಂತೀಯಾ?" ಎಂದ. "ಹಾಗಾದ್ರೆ ಎಷ್ಟು ಚೆನ್ನ."

ಅವಳು ನಕ್ಕಳು. ನಗು ನಿಲ್ಲಿಸಲಾರದೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮಿಸೆಸ್ ಲಾವಿನ್ ಗಾಬರಿಯಿಂದ ಶಿಲುಬೆಯ ಗುರುತು ಮಾಡಿಕೊಂಡು, "ಹಾಗೆಲ್ಲ ಅನ್ನಬೇಡ್ರೋ, ಕೇಳಿಸ್ಕೊಳ್ಳೋರು ಇರ್ತಾರೆ," ಎಂದಳು. ಕಡಗೋಲಿನ ಸದ್ದು ಬದಲಾಗಿ ದಪ್ಪವಾಯಿತು. ಬೆಣ್ಣೆ ಬಂದಿತ್ತು. ಅದರಲ್ಲಿ ಮೊದಲ ತುಣುಕನ್ನು ತೆಗೆದು ಅಟ್ರಾಕ್ಟಾ ಪದ್ಧತಿಯಂತೆ ಗೋಡೆಗೆ ಅಂಟಿಸಿದಳು, ಕಣ್ಣಿಗೆ ಕಾಣದವರ ಪಾಲಿಗೆ. ಆಮೇಲೆ ಹ್ಯೂಬರ್ಟನಿಗೆ ಹೇಳಿದಳು: "ಕತ್ತೆಯನ್ನ ನೋಡಿಕೊಂಡು ಹೋಗು. ಅದು ಒಪ್ಪಬೇಕು."

ಮದುವೆ ಜೂನ್ ಮೊದಲ ವಾರ ಆಯಿತು. ಪಾದ್ರಿಗಳ ಹತ್ತಿರ ಮಾತಾಡಿದ್ದು ವ್ಯರ್ಥವಾಗಲಿಲ್ಲವೆಂದು ಮಿಸೆಸ್ ಲಾವಿನ್‌ಗೆ ಸಮಾಧಾನ. ಅವಳ ಮೊಮ್ಮಗಳು ಅಷ್ಟರಲ್ಲಿ ಗುಣವಾಗಿ ಇಗರ್ಜಿಯಲ್ಲಿ ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದಳು. ನಿಶ್ಚಯದ ಸುದ್ದಿಯಿಂದಲೇ ಮದ್ದು ಕೆಲಸ ಶುರುಮಾಡಿತು ಎಂದು ಅಜ್ಜಿ ಎಲ್ಲರಿಗೂ ಹೇಳಿದಳು. ಆ ಕೆಮ್ಮು ಆರೇಳು ವಾರ ಕಾಡಿ ತಾನಾಗಿ ಇಳಿಯುವಂಥದು. ಅದನ್ನು ನಾನು ಹೇಳಲಿಲ್ಲ.

ಸಂಜೆ ಜೌಗಿನ ಅಂಚಿನ ಮನೆಯಲ್ಲಿ ಕುಣಿತ. ಮೇಜು ಕುರ್ಚಿ ಅಂಗಳಕ್ಕೆ ಹೋಗಿದ್ದವು. ಪಿಟೀಲಿನವನು ಕಿಟಕಿಯ ಮೇಲೆ ಕೂತಿದ್ದ. ಹೊರಗೆ ಇನ್ನೂ ಹಗಲಿನಷ್ಟೇ ಬೆಳಕು. ಎಂಟು ಜನ ಎದುರುಬದುರು ನಿಂತು ಕುಣಿಯುವ ಆಟದ ನಡುವೆ ಅಟ್ರಾಕ್ಟಾ ಇದ್ದಳು, ಕೂದಲು ಪಿನ್ನಿನಿಂದ ಬಿಚ್ಚಿಹೋಗಿತ್ತು. ಹ್ಯೂಬರ್ಟ್ ಎಲ್ಲರಿಗೂ ಕುಡಿಯಲು ಸುರಿಯುತ್ತಾ ಬಾಗಿಲ ಬಳಿ ನಿಂತಿದ್ದ.

ಆಗ ಬಾಗಿಲು ತಟ್ಟಿದ ಸದ್ದು. ಗುಡ್ಡದಾಚೆಯ ಊರಿನ ಹೆಂಗಸೊಬ್ಬಳು, ಸೈಕಲ್ಲಿನ ಹಿಂದೆ ಶಾಲಿನಲ್ಲಿ ಸುತ್ತಿದ ಪುಟ್ಟ ಹುಡುಗಿ. "ಹೊಸ ಮಿಸೆಸ್ ಮಲ್ವಿ ಇದೇ ಮನೇನಾ?"

ಮಿಸೆಸ್ ಲಾವಿನ್ ಇದ್ದಲ್ಲಿಂದ ಎದ್ದಳು. "ಅಟ್ರಾಕ್ಟಾ, ಬಾರೇ ಬೇಗ, ಮಗು ಬಂದಿದೆ."

"ಕುಣಿತ ಮುಗೀಲಿ," ಎಂದ ಹ್ಯೂಬರ್ಟ್.

"ಮಗು ಕೆಮ್ಮುತ್ತಿದೆಯಲ್ಲೋ."

"ಒಲೆ ಹತ್ರ ಕೂರಿಸಿ, ಬಿಸಿ ಹಾಲು ಕೊಡಿ. ತಾಯಿಗೆ ಹಂದಿಮಾಂಸ ಹಾಕಿ, ದೂರದಿಂದ ಬಂದಿದಾಳೆ. ಅಟ್ರಾಕ್ಟಾ ಕುಣೀತಿದಾಳೆ, ಇನ್ನೂ ಎರಡು ಸುತ್ತಿದೆ." ದನಿ ಎತ್ತರಿಸಿರಲಿಲ್ಲ. ಆದರೆ ಅಡ್ಡವಾಗಿ ನಿಂತಿದ್ದ, ಮಿಸೆಸ್ ಲಾವಿನ್‌ಗೂ ಕುಣಿಯುವವರಿಗೂ ನಡುವೆ.

ಅಟ್ರಾಕ್ಟಾಗೆ ಅದು ಕೇಳಿಸಿತು. ಅವಳ ಹಿಮ್ಮಡಿ ನೆಲಕ್ಕೆ ಬಿದ್ದ ರೀತಿಯಲ್ಲೇ ನನಗೆ ತಿಳಿಯಿತು. ಪಿಟೀಲಿನವನೂ ಗಮನಿಸಿರಬೇಕು, ಎರಡು ಸುತ್ತಿನ ಜಾಗದಲ್ಲಿ ನಾಲ್ಕು ನುಡಿಸಿದ. ಪುಟ್ಟ ಹುಡುಗಿ ಒಲೆಯ ಪಕ್ಕ ಹಾಲಿನ ಮೀಸೆ ಬಿಟ್ಟುಕೊಂಡು, ಬಾಯಿ ತೆರೆದು, ಕೆಮ್ಮುವುದನ್ನೂ ಮರೆತು ಆ ಕೆಂಪು ಕೂದಲನ್ನೇ ನೋಡುತ್ತಿದ್ದಳು.

ಕುಣಿತ ಮುಗಿದಾಗ ಅಟ್ರಾಕ್ಟಾ ಏದುಸಿರು ಬಿಡುತ್ತಾ ಬಂದು ಬ್ರೆಡ್ಡಿನ ದಪ್ಪ ತುಂಡು ಕೊಯ್ದು ಬೆಣ್ಣೆ ಹಚ್ಚಿ ಮಗುವಿನ ಕೈಗಿಟ್ಟಳು. ತಾಯಿ ಬಾಯಿ ತೆರೆಯುತ್ತಿದ್ದಂತೆ ಮನೆಯವರೆಲ್ಲ ಒಟ್ಟಿಗೆ "ಶ್" ಎಂದರು. ಅವಳು ತುಟಿ ಬಿಗಿಹಿಡಿದು, ತಲೆ ಕೂಡ ಆಡಿಸದೆ, ನಗು ತಡೆದುಕೊಂಡು ನಿಂತಳು.

"ಇನ್ನೊಂದು ಬಾರಿಸಯ್ಯ," ಎಂದ ಹ್ಯೂಬರ್ಟ್ ಪಿಟೀಲಿನವನಿಗೆ, ಜಗ್ಗನ್ನು ನನ್ನ ಕೈಗೆ ಕೊಟ್ಟು. "ಈ ಸಲ ನಾನೂ ಇದೀನಿ. ಬಾಗಿಲು ನೀನು ನೋಡ್ಕೊಳ್ಳಮ್ಮ."